ಹೊಳೆಗಾವಲು

ನಮ್ಮ ಹಿರಿಯರು ಕಾವಲಿಲ್ಲದ ಆಸ್ತಿಯನ್ನು ಆಸ್ತಿಯೆಂದೇ ಎಣಿಸುತ್ತಿರಲಿಲ್ಲ. ಹೊಲದ ನಡುವೆ ಅಟ್ಟಣೆ ಕಟ್ಟಿ ಕವಣೆ ಹಿಡಿದು ಕೂರುವವನಿದ್ದನು, ತೋಟಕ್ಕೆ ಬೇಲಿಯಿತ್ತು, ಊರಿಗೆ ತಳವಾರನಿದ್ದನು, ಕೆರೆಗೆ ನೀರುಗಂಟಿಯಿದ್ದನು. ಆದರೆ ಊರ ಮಗ್ಗುಲಲ್ಲಿ ಹರಿಯುವ ಹೊಳೆಗೆ ಮಾತ್ರ ಯಾರನ್ನೂ ಕಾವಲಿಗೆ ನೇಮಿಸಿದ ಹಾಗೆ ಕಾಣುವುದಿಲ್ಲ. ಹೊಳೆಯು ಎಲ್ಲರದು, ಎಲ್ಲರದಾದುದರಿಂದಲೇ ಯಾರದೂ ಅಲ್ಲ. ಸ್ನಾನಕ್ಕೆ ಸೋಪಾನವೂ ಗದ್ದೆಗೆ ನೀರೂ ಇರುವ ತನಕ, ಆ ನೀರಿನೊಳಗೆ ಏನಿದೆ, ಏನು ಇಲ್ಲವಾಯಿತು ಎಂಬುದನ್ನು ವಿಚಾರಿಸುವವರು ಕಡಿಮೆ. ಹೊಲದಲ್ಲಿ ಕಳವಾದರೆ ಹೆಜ್ಜೆಯ ಗುರುತಾದರೂ ಉಳಿದೀತು. ಹೊಳೆಯಲ್ಲಿ ಕಳವಾದರೆ ನೀರಿನ ಮೇಲೆ ಯಾವ ಗುರುತೂ ನಿಲ್ಲುವುದಿಲ್ಲ.

ಆ ಕಳವನ್ನು ಕುರಿತೂ, ಅದನ್ನು ತಡೆಯಲು ಗಾಳ ಹಾಕುವ ಹವ್ಯಾಸಿಗಳೇ ಸಂಘ ಕಟ್ಟಿಕೊಂಡು ನಮ್ಮ ನಾಡಿನಲ್ಲಿಯೇ ಮಾಡಿದ ಒಂದು ಪ್ರಯತ್ನವನ್ನು ಕುರಿತೂ ಇಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ಮತ್ಸ್ಯಾಹಾರಿಗಳಲ್ಲದ ವಾಚಕರು ಇದು ತಮಗೆ ಸಂಬಂಧಪಟ್ಟ ವಿಷಯವಲ್ಲವೆಂದು ಪುಟವನ್ನು ತಿರುವಿಬಿಡಬಾರದೆಂದು ಬೇಡುತ್ತೇವೆ. ಯಾಕೆಂದರೆ, ಮೀನು ವಿಷದಿಂದ ಸತ್ತ ನೀರನ್ನೇ ಕೆಳದಂಡೆಯ ಊರಿನವರು ಕೊಡದಲ್ಲಿ ತುಂಬಿಕೊಂಡು ಮನೆಗೆ ಹೋಗುತ್ತಾರೆ.

ಮೀನು ಹಿಡಿಯುವುದೆಲ್ಲ ಕಳವಲ್ಲ. ತಲೆತಲಾಂತರದಿಂದ ಹರಿಗೋಲು ಹತ್ತಿ ಬಲೆ ಬೀಸಿ ಜೀವಿಸುವ ಬೆಸ್ತರ ವೃತ್ತಿ ಮರ್ಯಾದೆಯ ವೃತ್ತಿ. ಹೊಳೆಯಲ್ಲಿ ನಾಳೆಯೂ ಮೀನು ಇದ್ದರೆ ಮಾತ್ರ ತಮ್ಮ ಮಕ್ಕಳಿಗೆ ಅನ್ನವುಂಟೆಂಬುದನ್ನು ಅವರು ಬಲ್ಲರು. ನಾವು ಕಳವು ಎನ್ನುವುದು ನಾಳೆಯ ಲೆಕ್ಕವಿಲ್ಲದ ವಿಧಾನಗಳನ್ನು. ಅವುಗಳಲ್ಲಿ ಮೊದಲನೆಯದು ತೋಟೆ. ಕಲ್ಲುಗಣಿಗಳಲ್ಲಿ ಬಂಡೆ ಸೀಳಲು ಬಳಸುವ ಸಿಡಿಮದ್ದಿಗೆ ಬತ್ತಿ ಹಚ್ಚಿ ಮಡುವಿಗೆ ಎಸೆಯುತ್ತಾರೆ. ನೀರು ಗಾಳಿಯ ಹಾಗೆ ಸುಲಭವಾಗಿ ಕುಗ್ಗುವ ವಸ್ತುವಲ್ಲವಾದುದರಿಂದ ಸ್ಫೋಟದ ಹೊಡೆತವು ಅದರಲ್ಲಿ ದೂರದವರೆಗೆ ಸಾಗುತ್ತದೆ. ಮೀನಿನ ಒಡಲಿನಲ್ಲಿ ಅದನ್ನು ತೇಲಿಸುವ ಗಾಳಿಚೀಲವೊಂದುಂಟು. ಆ ಹೊಡೆತಕ್ಕೆ ಚೀಲವು ಒಡೆಯುತ್ತದೆ. ಸತ್ತವುಗಳಲ್ಲಿ ತೇಲಿದ ಕೆಲವು ಮಾತ್ರ ಕಳ್ಳನ ಕೈಸೇರುತ್ತವೆ; ಮುಳುಗಿದವು ತಳದಲ್ಲಿಯೇ ಕೊಳೆಯುತ್ತವೆ. ದೊಡ್ಡದು, ಮರಿ, ಮೊಟ್ಟೆ ತುಂಬಿದ ತಾಯಿ ಎಂಬ ಭೇದವೇ ಇಲ್ಲಿಲ್ಲ. ಬತ್ತಿಯು ಎಣಿಸಿದುದಕ್ಕಿಂತ ಒಂದು ಕ್ಷಣ ಮೊದಲೇ ಉರಿದರೆ ಎಸೆಯುವವನ ಕೈಯೇ ಹೋಗುತ್ತದೆ.

ಎರಡನೆಯದು ವಿಷ. ಹಿಂದೆ ಕಾರೆಕಾಯಿ, ಕಾಕಮಾರಿ ಮುಂತಾದುವನ್ನು ಜಜ್ಜಿ ಬೇಸಿಗೆಯ ಗುಂಡಿಗಳಲ್ಲಿ ಕದಡುತ್ತಿದ್ದರು. ಈಗ ಅಂಗಡಿಯಲ್ಲಿ ಕೊಳ್ಳುವ ಬ್ಲೀಚಿಂಗ್ ಪುಡಿ, ಮೈಲುತುತ್ತ, ಬೆಳೆಗೆ ಹೊಡೆಯುವ ಕ್ರಿಮಿನಾಶಕಗಳು ಆ ಕೆಲಸವನ್ನು ಮಾಡುತ್ತವೆ. ಮೂರನೆಯದು ವಿದ್ಯುತ್ತಿನ ತಂತಿಯನ್ನು ನೀರಿಗೆ ಇಳಿಬಿಡುವುದು. ನಾಲ್ಕನೆಯದು ನೋಡಲು ಎಲ್ಲಕ್ಕಿಂತ ನಿರುಪದ್ರವಿ. ಆದರೆ ನಷ್ಟದಲ್ಲಿ ಉಳಿದವುಗಳಿಗೆ ಕಡಿಮೆಯಲ್ಲ. ಮುಂಗಾರಿನ ಮೊದಲ ಕೆಂಪುನೀರು ಬಂದೊಡನೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೂ ಹಳ್ಳದಿಂದ ಗದ್ದೆಯ ಕಾಲುವೆಗೂ ಏರಿಬರುತ್ತವೆ. ಮಲೆನಾಡಿಗರು ಇವುಗಳನ್ನು ಹತ್ತುಮೀನೆಂದು ಕರೆಯುವರು. ಆಗ ಹಳ್ಳದ ಬಾಯಿಗೆ ಸಣ್ಣ ಕಣ್ಣಿನ ಬಲೆಯನ್ನು ಅಡ್ಡ ಕಟ್ಟಿದರೆ ಒಂದು ರಾತ್ರಿಯಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ. ಹಾಗೆ ಸಿಕ್ಕಿದುದು ಬರಲಿರುವ ವರ್ಷಗಳ ಮೀನು ಎಂಬುದು ಹಿಡಿಯುವವನಿಗೆ ಆ ಸಂಭ್ರಮದಲ್ಲಿ ಹೊಳೆಯುವುದಿಲ್ಲ.

ಇದಕ್ಕೆಲ್ಲ ಕಾನೂನಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದೆ, ಬಹುಕಾಲದಿಂದಲೂ ಇದೆ. ಅದರ ಕಥೆಗೆ ಕನ್ನಡನಾಡಿನ ಸಂಬಂಧವೂ ಉಂಟು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಗಾಳದ ಹುಚ್ಚುಳ್ಳವನು. ನಮ್ಮ ನದಿಗಳಲ್ಲಿ ಗಾಳ ಹಾಕುವ ವಿದ್ಯೆಯನ್ನು ಕುರಿತು ಆತನು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಗಾಳ ಹಿಡಿದು ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಕುಳಿತವನಾದುದರಿಂದ, ಕಚೇರಿಯಲ್ಲಿ ಕುಳಿತವರಿಗೆ ಕಾಣದುದು ಆತನಿಗೆ ಕಂಡಿತು. ವಿಷಪ್ರಯೋಗದಿಂದಲೂ ಮರಿಮೀನುಗಳ ನಾಶದಿಂದಲೂ ನದಿಗಳು ಬರಿದಾಗುತ್ತಿವೆಯೆಂದು ಆತನು ಸರಕಾರಕ್ಕೆ ವರದಿಯೊಪ್ಪಿಸಿದನು. ಇಂಥವರ ಒತ್ತಾಯಗಳು ಕೂಡಿಕೂಡಿ ಕಡೆಗೆ 1897ರಲ್ಲಿ ಭಾರತ ಮೀನುಗಾರಿಕೆ ಅಧಿನಿಯಮವು ಜಾರಿಗೆ ಬಂದಿತು. ನೀರಿನಲ್ಲಿ ಸಿಡಿಮದ್ದು ಸಿಡಿಸುವುದೂ ವಿಷ ಹಾಕುವುದೂ ಅಪರಾಧಗಳೆಂದು ಅದು ಸಾರಿತು. ಎರಡು ತಿಂಗಳವರೆಗಿನ ಸೆರೆಯನ್ನೋ ಇನ್ನೂರು ರೂಪಾಯಿಯವರೆಗಿನ ದಂಡವನ್ನೋ ವಿಧಿಸಿತು. ನಮ್ಮ ರಾಜ್ಯಕ್ಕೆ ಒಳನಾಡು ಮೀನುಗಾರಿಕೆಯನ್ನು ಕುರಿತ ಪ್ರತ್ಯೇಕವಾದ 1996ರ ಅಧಿನಿಯಮವೂ ಇದೆ. ಹೀಗೆ ಕಾನೂನಿಗೆ ನೂರಿಪ್ಪತ್ತೈದು ವರ್ಷ ಮೀರಿದ ವಯಸ್ಸಾದರೂ ತೋಟೆಯ ಸದ್ದು ನಿಂತಿಲ್ಲ. ಕಾನೂನು ಪುಸ್ತಕದಲ್ಲಿ ಇರುತ್ತದೆ, ಮಡುವು ಕಾಡಿನಲ್ಲಿ ಇರುತ್ತದೆ. ನಡುರಾತ್ರಿಯಲ್ಲಿ ಅವೆರಡನ್ನೂ ಒಂದುಗೂಡಿಸುವ ಮನುಷ್ಯನೊಬ್ಬನು ಬೇಕಷ್ಟೆ.

ಪೂರ್ವಿಕರು ಕಂಡುಕೊಂಡ ಉಪಾಯವು ಭಕ್ತಿ. ಶೃಂಗೇರಿಗೆ ಹೋದವರೆಲ್ಲರೂ ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು, ಮಂಡಕ್ಕಿಗೆ ಮುತ್ತುವ ಮೊಳದುದ್ದದ ಮೀನುಗಳನ್ನು ನೋಡಿ ಮಕ್ಕಳೊಡನೆ ಮಕ್ಕಳಾಗಿದ್ದಾರೆ. ಕಾವೇರೀತೀರದ ರಾಮನಾಥಪುರದಲ್ಲಿಯೂ ದೇವರ ಮೀನುಗಳುಂಟು. ಆ ಮಡುಗಳಲ್ಲಿ ಬಲೆ ಬೀಸುವ ಧೈರ್ಯ ಯಾರಿಗೂ ಬರುವುದಿಲ್ಲ. ಆದರೆ ಬರಿಯ ಭಕ್ತಿಯನ್ನು ನಂಬಿ ನಿದ್ರೆಹೋಗುವ ಹಾಗಿಲ್ಲವೆಂಬುದನ್ನು ಬೆಳ್ತಂಗಡಿ ತಾಲೂಕಿನ ಶಿಶಿಲವು ಕಲಿಸಿತು. ಅಲ್ಲಿ ಶಿಶಿಲೇಶ್ವರನ ಸನ್ನಿಧಿಯಲ್ಲಿ ಹರಿಯುವ ಕಪಿಲೆಯ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಕ್ಕಿದರು. ಅಸಂಖ್ಯವಾದ ಮೀನುಗಳು ಹೊಟ್ಟೆ ಮೇಲಾಗಿ ತೇಲಿದುವು. ಊರಿನವರು ಅವುಗಳ ನೆನಪಿಗೆಂದು ಸ್ಮಾರಕವನ್ನು ನಿಲ್ಲಿಸಿದರು. ದೇವರ ಮಡುವಿಗೂ ಕಣ್ಣಿಟ್ಟು ಕಾಯುವವರು ಬೇಕಾಗುವುದಾದರೆ, ದೇವಸ್ಥಾನವಿಲ್ಲದ ನೂರಾರು ಮೈಲಿ ಹೊಳೆಯ ಗತಿಯೇನು?

ಇಲ್ಲಿಂದ ಕಾವೇರಿಯ ಕಥೆಗೆ ಬರುತ್ತೇವೆ. ಸಿಹಿನೀರಿನ ಮೀನುಗಳಲ್ಲಿ ಮಹಶೀರ್ ಎಂಬುದು ರಾಜಗಾಂಭೀರ್ಯದ್ದು. ನಮ್ಮ ಕಡೆಯಲ್ಲಿ ಬಿಳಿಮೀನು ಎಂಬ ಹೆಸರೂ ಇದಕ್ಕುಂಟು. ಕಲ್ಲುತಳದ ಸೆಳವಿನ ನೀರು ಇದರ ಮನೆ. ಅಂಗೈಯಗಲದ ಹುರುಪೆಗಳು ಇದರ ಕವಚ. ಅದರಲ್ಲಿಯೂ ಬೆನ್ನು ಗೂನಾಗಿ, ರೆಕ್ಕೆಗಳು ಕಿತ್ತಳೆಯ ಬಣ್ಣವಾಗಿರುವ ಜಾತಿಯೊಂದು ಕಾವೇರಿಯ ಜಲಾನಯನಕ್ಕೆ ಮಾತ್ರ ಸೇರಿದುದು. ಪ್ರಪಂಚದ ಇನ್ನಾವ ನದಿಯಲ್ಲಿಯೂ ಅದು ಹುಟ್ಟಿಲ್ಲ. 1946ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದ ಡಿ ವೆಟ್ ಎಂಬವರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಒಬ್ಬ ಆಳಿನಷ್ಟು ತೂಕದ ಮೀನು! ಅನಂತರದ ದಶಕಗಳಲ್ಲಿ ಅಣೆಕಟ್ಟುಗಳು ಎದ್ದುವು, ಸಿಡಿಮದ್ದು ಸುಲಭವಾಗಿ ಸಿಗತೊಡಗಿತು. ಅಂಥ ಮೀನುಗಳು ಮುಗಿದೇಹೋದುವೆಂದು ಹಲವರು ತಿಳಿದರು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳದ ಯಾತ್ರಿಕರು ಕಾವೇರಿಯಲ್ಲಿ ದೊಡ್ಡ ಮೀನುಗಳು ಇನ್ನೂ ಇವೆಯೆಂಬುದನ್ನು ಹಿಡಿದು ತೋರಿಸಿದ ಮೇಲೆ ಲೋಕದ ಕಣ್ಣು ಮತ್ತೆ ಈ ನದಿಯ ಕಡೆಗೆ ತಿರುಗಿತು.

ಅದಕ್ಕೂ ಮೊದಲೇ, 1972ರಲ್ಲಿ, ಬೆಂಗಳೂರಿನ ಗಾಳದ ಹವ್ಯಾಸಿಗಳೂ ವನ್ಯಪ್ರೇಮಿಗಳೂ ಕೂಡಿ ದಕ್ಷಿಣ ಭಾರತದ ವನ್ಯಜೀವಿ ಸಂಘವೆಂಬುದನ್ನು ಕಟ್ಟಿದ್ದರು. ಶಿವನಸಮುದ್ರದ ಜಲಪಾತವನ್ನು ಇಳಿದ ಕಾವೇರಿಯು ಸಂಗಮದ ಕಡೆಗೆ ಬೆಟ್ಟಗಳ ನಡುವೆ ಹರಿಯುತ್ತದಷ್ಟೆ. ಆ ಹರವಿನಲ್ಲಿ ಕೆಲವು ಮೈಲಿಗಳಷ್ಟು ನದಿಯನ್ನು ಅವರು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆಗೆ ಪಡೆದರು. ಮೀನನ್ನು ಮಾರುವುದಕ್ಕೆ ಪಡೆದ ಗುತ್ತಿಗೆಯಲ್ಲ ಇದು, ಮಾರದಿರುವುದಕ್ಕೆ! ಗಾಳಕ್ಕೆ ಸಿಕ್ಕಿದ ಮೀನನ್ನು ತೂಗಿ, ಲೆಕ್ಕಕ್ಕೆ ಬರೆದುಕೊಂಡು, ಜೀವಸಹಿತವಾಗಿ ಮರಳಿ ನೀರಿಗೆ ಬಿಡಬೇಕು ಎಂಬುದು ಕಟ್ಟಳೆ. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ಇದೇ ಕಟ್ಟಳೆಯ ಮೇಲೆ ನಡೆದುವು. ಕೊಡಗಿನಲ್ಲಿಯೂ ಅಲ್ಲಿನ ವನ್ಯಜೀವಿ ಸಂಘವು ವಾಲ್ನೂರಿನ ಬಳಿ ಕಾವೇರಿಯ ಒಂದು ಭಾಗವನ್ನು ವಹಿಸಿಕೊಂಡಿತು. ಸಮುದ್ರದಾಚೆಯಿಂದ ಬಂದವರು ದಿನಕ್ಕಿಷ್ಟೆಂದು ಹಣ ತೆತ್ತು ಹರಿಗೋಲಿನಲ್ಲಿ ಕುಳಿತು ಗಾಳ ಹಾಕುತ್ತಿದ್ದರು. ಗಾಳದ ತುದಿಗೆ ಸಿಕ್ಕಿಸುತ್ತಿದ್ದುದಾದರೂ ನಮ್ಮ ರಾಗಿಯ ಮುದ್ದೆಯೇ!

ಈ ಏರ್ಪಾಡಿನ ಸತ್ತ್ವವಿದ್ದುದು ಇನ್ನೊಂದು ಸಂಗತಿಯಲ್ಲಿ. ಹೊಳೆಯ ಗುಟ್ಟನ್ನು ಬಲ್ಲವರಾರು? ಯಾವ ಬಂಡೆಯ ಮರೆಯಲ್ಲಿ ದೊಡ್ಡ ಮೀನು ತಂಗುತ್ತದೆ, ಯಾವ ಹೊತ್ತಿಗೆ ಮೇಯಲು ಹೊರಡುತ್ತದೆ ಎಂಬುದು ದಂಡೆಯ ಹಳ್ಳಿಗರಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯದು. ಅವರಲ್ಲಿಯೂ ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದವರಿಗೆ ಚೆನ್ನಾಗಿ ತಿಳಿದಿರುತ್ತದೆ. ಅಂಥವರನ್ನೇ ಕರೆದು, ಗಾಳದವರಿಗೆ ದಾರಿತೋರುವ ಸಹಾಯಕರನ್ನಾಗಿಯೂ ರಾತ್ರಿಯ ಕಾವಲುಗಾರರನ್ನಾಗಿಯೂ ಸಂಬಳಕ್ಕೆ ನೇಮಿಸಿಕೊಂಡರು. ಸತ್ತ ಮೀನು ಒಂದು ಸಲ ಸಂತೆಯಲ್ಲಿ ಬೆಲೆ ತರುತ್ತದೆ. ಬದುಕಿರುವ ಮೀನು ವರುಷವರುಷವೂ ಮನೆಗೆ ಸಂಬಳ ತರುತ್ತದೆ. ಈ ಗಣಿತವನ್ನು ಅರಿತುಕೊಳ್ಳಲು ಅವರಿಗೆ ಉಪದೇಶವೇನೂ ಬೇಕಾಗಲಿಲ್ಲ. ನಿನ್ನೆಯ ತನಕ ತೋಟೆ ಎಸೆದವನು ಇಂದು ದೂರದಲ್ಲಿ ತೋಟೆಯ ಸದ್ದು ಕೇಳಿದೊಡನೆ ಎದ್ದು ಓಡುವವನಾದನು.

ಇದರ ಫಲವು ಬರಿಯ ಬಾಯಿಮಾತಲ್ಲ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ಪ್ರಾಣಿವಿಜ್ಞಾನಿಗಳು ಆಮೇಲೆ ಪರಿಶೀಲಿಸಿದರು. ಆ ಅವಧಿಯಲ್ಲಿ ಗಾಳದವರು ಒಟ್ಟು 23,620 ಗಂಟೆಗಳ ಕಾಲ ಗಾಳ ಹಾಕಿ, 6,161 ಮಹಶೀರ್‌ಗಳನ್ನು ಹಿಡಿದು ಬಿಟ್ಟಿದ್ದರು. ವರ್ಷಗಳು ಕಳೆದಂತೆ ಸಿಕ್ಕುವ ಮೀನುಗಳ ಸಂಖ್ಯೆ ಏರಿತ್ತು. ಸರಾಸರಿ ತೂಕ ಇಳಿದಿತ್ತು. ಇದರರ್ಥವೇನೆಂದರೆ, ಕಾವಲಿದ್ದ ನೀರಿನಲ್ಲಿ ಮರಿಗಳು ಬದುಕಿ ಬೆಳೆಯುತ್ತಿದ್ದುವು. ಹವ್ಯಾಸಿಗಳು ಮನಸ್ಸಂತೋಷಕ್ಕೆಂದು ಬರೆದಿಟ್ಟ ಪುಸ್ತಕವು ಹೀಗೆ ನದಿಯ ಜಾತಕವಾಯಿತು.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕಲ್ಲವೇ? ಆ ಪುಸ್ತಕಗಳೇ ಮತ್ತೊಂದು ಕಹಿಯಾದ ಮಾತನ್ನೂ ಹೇಳಿದುವು. ಹೆಚ್ಚಿದ್ದುದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನ ಮೀನಾದರೋ ಕಡಿಮೆಯಾಗುತ್ತ ನಡೆದಿತ್ತು. ನೀಲಿ ರೆಕ್ಕೆಯದು ಕೃಷ್ಣೆಯ ಕಡೆಯ ಜಾತಿ. ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಅದರ ಮರಿಗಳನ್ನು, ಮಹಶೀರ್ ಉಳಿಯಲೆಂಬ ಸದುದ್ದೇಶದಿಂದಲೇ, ಕಾವೇರಿಗೂ ತಂದು ಬಿಡಲಾಗಿತ್ತು. ಎಲ್ಲ ಮಹಶೀರೂ ಒಂದೇ ಎಂದು ತಿಳಿದ ಕಾಲವದು. ಗೂನುಬೆನ್ನಿನ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರು ಕೂಡ ನಿಶ್ಚಯವಾಗಿರಲಿಲ್ಲ. ಅದು ಟೋರ್ ರೆಮಾದೇವಿ ಎಂಬ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚನ್ನು ಮುಟ್ಟಿದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಮನೆಯ ಮಗುವಿಗೆ ಹೆಸರಿಡುವ ಹೊತ್ತಿಗೆ ಅದರ ಉಸಿರು ನಿಲ್ಲುವಂತಾಗಿತ್ತು. ಕಾವಲಿನಷ್ಟೇ ಅರಿವೂ ಅವಶ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಷ್ಟರಲ್ಲಿ ಗಾಳದ ಶಿಬಿರಗಳೂ ಮುಚ್ಚಿಹೋಗಿದ್ದುವು. ಕಾವೇರಿಯ ಆ ಪ್ರದೇಶವು 1987ರಲ್ಲಿ ವನ್ಯಧಾಮವಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಪ್ರಾಣಿ ಎಂಬ ಶಬ್ದದ ಅರ್ಥದಲ್ಲಿ ಮೀನೂ ಸೇರಿತು. ಹೀಗಿರಲು, ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿರ್ಣಯಕ್ಕೆ ಅಧಿಕಾರಿಗಳು ಬಂದರು. 2012ರ ಹೊತ್ತಿಗೆ ಅಲ್ಲಿ ಗಾಳವು ನಿಂತಿತು. ಈ ನಿರ್ಣಯಕ್ಕೂ ನ್ಯಾಯವಿಲ್ಲದಿಲ್ಲ. ಹುಲಿಯನ್ನು ಹಿಡಿದು ಬಿಡುವ ಆಟಕ್ಕೆ ನಾವು ಒಪ್ಪುವುದಿಲ್ಲವಾದರೆ ಮೀನನ್ನು ಹಿಡಿದು ಬಿಡುವ ಆಟಕ್ಕೆ ಏಕೆ ಒಪ್ಪಬೇಕು ಎಂಬ ಪ್ರಶ್ನೆ ಸುಮ್ಮನೆ ತಳ್ಳಿಹಾಕತಕ್ಕದ್ದಲ್ಲ. ಗಾಳದ ಕೊಕ್ಕೆಯಿಂದ ಮೀನಿಗೆ ನೋವಿಲ್ಲವೆಂದು ನಾವು ಹೇಳಲಾರೆವು. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಿನಲ್ಲಿಯೇ ಬಿಡಿಸುವುದು, ಇವುಗಳಿಂದ ಆ ನೋವು ಕಡಿಮೆಯಾದೀತು, ಇಲ್ಲವಾಗದು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಗಾಳದವರು ಹೋದೊಡನೆ ಅವರ ಹಣವೂ ಹೋಯಿತು. ಹಣ ಹೋದೊಡನೆ ರಾತ್ರಿ ಎಚ್ಚರವಿರುತ್ತಿದ್ದವರ ಸಂಬಳವೂ ಹೋಯಿತು. ಶಿಬಿರಗಳು ಮುಚ್ಚಿದ ಮೇಲೆ ಕಳ್ಳಬೇಟೆ ಮರಳಿತೆಂದು ಮಹಶೀರನ್ನು ಅಧ್ಯಯನ ಮಾಡಿದವರು 2013ರಲ್ಲಿಯೇ ಎಚ್ಚರಿಸಿದರು. ಗಾಳವನ್ನು ನಿಲ್ಲಿಸಿದುದು ಸರಿಯೋ ತಪ್ಪೋ ಎಂಬುದನ್ನು ಬಲ್ಲವರು ತೀರ್ಮಾನಿಸಲಿ. ಒಬ್ಬ ಕಾವಲುಗಾರನನ್ನು ಕಳುಹಿಸುವ ಮೊದಲು ಮತ್ತೊಬ್ಬನನ್ನು ನಿಲ್ಲಿಸಬೇಕಾಗಿತ್ತು ಎಂಬ ಮಾತಿಗೆ ಮಾತ್ರ ಎರಡನೆಯ ಅಭಿಪ್ರಾಯವಿರಲಾರದು.

ಹಾಗಾದರೆ ನಮ್ಮ ನಮ್ಮ ಊರಿನ ಹೊಳೆಗಳಿಗೆ ಏನು ಮಾಡಬಹುದು? ವನ್ಯಧಾಮದ ಹೊರಗೆ ಹರಿಯುವ ನದಿಗಳು ಎಷ್ಟೋ ಇವೆ. ಭಾನುವಾರದ ಸಂಜೆ ಒಂದು ಕೋಲು, ಒಂದು ದಾರ ಹಿಡಿದು ಸಂಕದ ಬದಿಯಲ್ಲಿ ಕೂರುವವರು ಪ್ರತಿ ಊರಿನಲ್ಲಿಯೂ ಹತ್ತಾರು ಮಂದಿ ಇದ್ದಾರೆ. ಅವರು ಒಬ್ಬೊಬ್ಬರಾಗಿದ್ದರೆ ಬರಿಯ ನೋಟಕರು, ಕೂಡಿದರೆ ಕಾವಲು. ಇಂಥ ಕೂಟವನ್ನು ಕಟ್ಟುವವರಿಗೆ ಕಾವೇರಿಯ ಅನುಭವದಿಂದ ದೊರೆಯುವ ಸೂಚನೆಗಳನ್ನು ಇಲ್ಲಿ ಸಂಗ್ರಹಿಸುತ್ತೇವೆ.

ಮೊದಲನೆಯದಾಗಿ, ಬೆಸ್ತರನ್ನು ಬಿಟ್ಟು ಸಂಘವನ್ನು ಕಟ್ಟಬಾರದು. ಹವ್ಯಾಸಿಗೆ ಹೊಳೆಯು ವಿನೋದ. ಅವರಿಗೆ ಅದು ಅನ್ನ. ತೋಟೆಯವನಿಂದ ಮೊದಲು ನಷ್ಟವಾಗುವುದು ಅವರಿಗೇ. ಪೇಟೆಯಿಂದ ಬಂದವರು ದಡದಲ್ಲಿ ನಿಂತು ಹಳ್ಳಿಗರನ್ನೆಲ್ಲ ಕಳ್ಳರೆಂದು ಗದರಿಸಿದರೆ ಆ ಸಂಘವು ಮೊದಲ ಮಳೆಗೇ ಕೊಚ್ಚಿಹೋದೀತು. ಕಳ್ಳತನ ಮಾಡಿದವನಿಗೂ ಮರಳಿ ಬರಲು ಒಂದು ಬಾಗಿಲು ತೆರೆದಿರಲಿ. ಅವನಷ್ಟು ಹೊಳೆಯನ್ನು ಬಲ್ಲವನು ಬೇರೆ ಸಿಗುವುದು ಕಷ್ಟ.

ಎರಡನೆಯದಾಗಿ, ಕಳ್ಳರನ್ನು ಕೈಯಾರ ಹಿಡಿಯುವ ಸಾಹಸ ಬೇಡ. ಸಿಡಿಮದ್ದು ಕೈಯಲ್ಲಿರುವವನ ಎದುರಿಗೆ ಬರಿಗೈಯಲ್ಲಿ ನಿಲ್ಲುವುದು ಶೌರ್ಯವಲ್ಲ, ಅವಿವೇಕ. ಸಿಡಿಮದ್ದನ್ನು ಅಕ್ರಮವಾಗಿ ಇಟ್ಟುಕೊಳ್ಳುವುದೇ 1908ರ ಸ್ಫೋಟಕ ವಸ್ತುಗಳ ಕಾಯಿದೆಯ ಮೇರೆಗೆ ಘೋರವಾದ ಅಪರಾಧ. ಸದ್ದು ಕೇಳಿದ ದಿನ, ಹೊತ್ತು, ಸ್ಥಳ, ಕಂಡ ವಾಹನದ ಸಂಖ್ಯೆ, ಇಷ್ಟನ್ನು ಬರೆದುಕೊಂಡು ಪೋಲೀಸರಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿದರೆ ಸಾಕು. ಒಬ್ಬನು ತಿಳಿಸಿದರೆ ದೂರು; ಹತ್ತು ಜನ ರುಜು ಹಾಕಿ ತಿಂಗಳು ತಿಂಗಳೂ ತಿಳಿಸಿದರೆ ಅದನ್ನು ಬದಿಗಿಡುವುದು ಯಾವ ಕಚೇರಿಗೂ ಸುಲಭವಲ್ಲ. ನಿಯತವಾಗಿ ದಡದಲ್ಲಿ ಜನರು ಓಡಾಡುತ್ತಿದ್ದಾರೆ ಎಂಬ ಸುದ್ದಿಯೇ ಅರ್ಧ ಕಳವನ್ನು ತಡೆಯುತ್ತದೆ. ಕಳ್ಳನು ಬಯಸುವುದು ಕತ್ತಲೆಯನ್ನಲ್ಲ, ನಿರ್ಜನತೆಯನ್ನು.

ಮೂರನೆಯದಾಗಿ, ಸಂಘದವರು ತಮಗೆ ತಾವೇ ಕಟ್ಟಳೆ ಹಾಕಿಕೊಳ್ಳಬೇಕು. ಮುಂಗಾರಿನಲ್ಲಿ ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಗಾಳ ಮುಟ್ಟಕೂಡದು. ಗೇಣಿಗಿಂತ ಚಿಕ್ಕದನ್ನು ಮನೆಗೆ ತರಕೂಡದು. ಮಹಶೀರಿನಂಥ ಅಪರೂಪದ ಮೀನನ್ನು ಯಾವ ಕಾಲಕ್ಕೂ ಕೊಲ್ಲಕೂಡದು. ತನಗೆ ನಿಯಮವಿಲ್ಲದವನ ಮಾತಿಗೆ ಹೊಳೆಯ ದಂಡೆಯಲ್ಲಿಯೂ ಬೆಲೆಯಿಲ್ಲ.

ನಾಲ್ಕನೆಯದಾಗಿ, ಒಂದು ಪುಸ್ತಕವಿರಲಿ. ಎಷ್ಟು ಹೊತ್ತು ಗಾಳ ಹಾಕಿದೆವು, ಯಾವ ಜಾತಿಯ ಎಷ್ಟು ಮೀನು ಸಿಕ್ಕಿತು, ಎಷ್ಟು ತೂಗಿತು ಎಂಬುದನ್ನು ಬರೆದಿಡುವುದು ದೊಡ್ಡ ವಿದ್ಯೆಯೇನಲ್ಲ. ಹೈಸ್ಕೂಲಿನ ಹುಡುಗನೂ ಮಾಡಬಹುದಾದ ಕೆಲಸ. ಗಾಳಿಬೋರೆಯ ಪುಸ್ತಕವಿಲ್ಲದಿದ್ದರೆ ಗೂನುಬೆನ್ನಿನ ಮೀನು ಹೋಗುತ್ತಿದೆ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಹಾಗೆಯೇ, ಎಲ್ಲಿಂದಲೋ ಮರಿಗಳನ್ನು ತಂದು ಹೊಳೆಗೆ ಬಿಡುವ ಉತ್ಸಾಹಕ್ಕೆ ಕೈಹಾಕುವ ಮೊದಲು ಬಲ್ಲವರನ್ನು ಕೇಳಬೇಕು. ಒಂದು ಹೊಳೆಯ ಬಂಧು ಇನ್ನೊಂದು ಹೊಳೆಯ ಶತ್ರುವಾಗಬಹುದು.

ಗೃಹಿಣಿಯರ ಪಾಲಿನ ಕೆಲಸವೂ ಉಂಟು. ನಮ್ಮ ಎಣಿಕೆಯಲ್ಲಿ ಅದು ಸಂಘದ ಕೆಲಸಕ್ಕಿಂತ ಹಗುರವಲ್ಲ. ಕಳವಿನ ಮೀನು ಕಡೆಗೆ ಬಂದು ಸೇರುವುದು ಯಾವುದಾದರೊಂದು ಮನೆಯ ಅಡಿಗೆಯ ಒಲೆಗಲ್ಲವೇ? ಹೊಳೆಮೀನು ಕೊಳ್ಳುವಾಗ ಎಲ್ಲಿಯದು, ಹೇಗೆ ಹಿಡಿದುದು ಎಂದು ಒಂದು ಮಾತು ಕೇಳುವುದರಲ್ಲಿ ಖರ್ಚಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿ, ಮೈಯೊಳಗಿನ ಎಲುಬು ಮುರಿದು ಮಾಂಸ ನುಗ್ಗಾಗಿರುವ ಮೀನು ತೋಟೆಯದಿರಬಹುದು. ವಿಷದಿಂದ ಸತ್ತುದಾದರೋ ತಿನ್ನುವ ಮಕ್ಕಳಿಗೂ ಅಪಾಯ. ಕೊಳ್ಳುವವರು ಬೇಡವೆಂದರೆ ಮಾರುವವನು ಎಷ್ಟು ದಿನ ತಂದಾನು? ಮುಂಗಾರಿನ ಮೊದಲ ಮಳೆಯಲ್ಲಿ ಮಕ್ಕಳು ಮೊಟ್ಟೆ ತುಂಬಿದ ಹತ್ತುಮೀನನ್ನು ಸಂಭ್ರಮದಿಂದ ತಂದರೆ ಗದರಿಸದೆ, ಅದರ ಹೊಟ್ಟೆಯಲ್ಲಿದ್ದ ಮೊಟ್ಟೆಗಳನ್ನು ತೋರಿಸಿ, ಇಷ್ಟೂ ಮುಂದೆ ಮೀನಾಗಬಹುದಾಗಿತ್ತೆಂದು ಹೇಳಿದರೆ ಆ ಪಾಠವು ಮರೆಯುವಂಥದಲ್ಲ.

ಗೂನುಬೆನ್ನಿನ ಮಹಶೀರ್ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಅದರ ಹೆಸರನ್ನು ಖಚಿತಪಡಿಸಲು ವಿಜ್ಞಾನಿಗಳಿಗೆ ಮೀನು ದೊರೆತುದು ನೀಲಗಿರಿಯ ತಪ್ಪಲಿನ ಮೋಯಾರ್ ನದಿಯಲ್ಲಿ. ಆ ನೀರೂ ಕಡೆಗೆ ಕಾವೇರಿಗೇ ಸೇರತಕ್ಕದ್ದು. ಎಂದಮೇಲೆ ಕಾವೇರಿಯ ಮನೆಮಗಳು ಮನೆಯ ಹಿತ್ತಿಲಿನ ತನಕ ಇನ್ನೂ ಇದ್ದಾಳೆ. ಅವಳನ್ನು ಒಳಗೆ ಕರೆಯಬೇಕಾದರೆ ಮೊದಲು ಅಂಗಳದಲ್ಲಿ ತೋಟೆಯ ಸದ್ದು ನಿಲ್ಲಬೇಕು. ಕೆರೆಗೆ ನೀರುಗಂಟಿಯನ್ನಿಟ್ಟ ನಾಡು ಇದು. ಹೊಳೆಗೂ ಒಬ್ಬ ನೀರುಗಂಟಿ ಬೇಕೆಂದು ಊರಿನವರು ಮನಸ್ಸು ಮಾಡಿದರೆ, ಆ ಕೆಲಸಕ್ಕೆ ತಕ್ಕವನು ಈಗಾಗಲೇ ಗಾಳ ಹಿಡಿದು ದಡದಲ್ಲಿ ಕುಳಿತಿದ್ದಾನೆ. ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತನಾಡಿಸುವುದಷ್ಟೇ ಬಾಕಿ.